ಒಂದೇ ಟ್ಯಾಂಕಿನ ದಾರಿ

ಸಿಗ್ನೆ ಲೋಫ್ಟ್ ಬಂದು ಬಾಗಿಲು ತಟ್ಟಿದಾಗ ಥೋರಾ ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುತ್ತಿದ್ದಳು. ಅದೇನೂ ಹೊಸ ವಿಷಯವಲ್ಲ. ನಾನು ಊರಿನ ವಾರಪತ್ರಿಕೆಯ ಅಚ್ಚುಕೂಟ ಮುಚ್ಚಿ, ಅವಳು ಆಲಿಕಲ್ಲು ವಿಮೆ ಕಂಪನಿಯ ಕೆಲಸದಿಂದ ನಿವೃತ್ತಳಾಗಿ, ಇಬ್ಬರೂ ಒಂದೇ ಕಟ್ಟಡದಲ್ಲಿ ಎದುರುಬದುರು ಮನೆ ಹಿಡಿದ ಮೇಲೆ ಪ್ರತಿ ಮಧ್ಯಾಹ್ನ ಸೋಲುವುದು ನನ್ನ ಪಾಲಿಗೆ ಬಂದಿತ್ತು. ಥೋರಾ ಕ್ವಾಲೆ ತನ್ನ ವೃತ್ತಿಯನ್ನೆಲ್ಲ ಉತ್ತರ ಡಕೋಟದ ಗೋಧಿ ಹೊಲಗಳಲ್ಲಿ ನಡೆದೇ ಕಳೆದವಳು. ಪೈರು ನಿಜವಾಗಿ ಆಲಿಕಲ್ಲಿಗೆ ಬಿದ್ದದ್ದೋ, ವಿಮೆಯ ಆಸೆಗೆ ರೈತನೇ ಮಲಗಿಸಿದ್ದೋ ಎಂದು ಕಾಂಡ ನೋಡಿ ಹೇಳಿಬಿಡುತ್ತಿದ್ದಳು. ಹಾಗಾಗಿ ಅರ್ಧ ಕೌಂಟಿಗೆ ಅವಳನ್ನು ಕಂಡರಾಗದು. ಆದರೆ ಏನಾದರೂ ಕಳೆದುಹೋದರೆ, ತಲೆ ಕೆಡಿಸುವಂಥದ್ದು ನಡೆದರೆ, ಆ ಅರ್ಧ ಕೌಂಟಿಯೂ ಬರುತ್ತಿದ್ದದ್ದು ಅವಳ ಬಾಗಿಲಿಗೇ.

ಸಿಗ್ನೆಯ ಕೈಯಲ್ಲಿದ್ದದ್ದು ಥೋರಾಳದೇ ಗಾಜಿನ ಪಾತ್ರೆ. ಸಾವಿನ ಮನೆಗೆ ಊಟ ತುಂಬಿಸಿ ಕಳಿಸಿದ ಪಾತ್ರೆಯನ್ನು ತೊಳೆದು, ತಳದಲ್ಲಿ ಅಂಟಿಸಿದ ಹೆಸರು ನೋಡಿ ಹಿಂದಿರುಗಿಸುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಕ್ರಮ. ಪಾತ್ರೆ ಕೊಟ್ಟಾದ ಮೇಲೂ ಅವಳು ಹೋಗಲಿಲ್ಲ, ಕೋಟೂ ಬಿಚ್ಚಲಿಲ್ಲ.

"ಥೋರಾ ಆಂಟಿ, ಅಪ್ಪ ಬೇಕಂತಲೇ ಹೋದನಾ?" ಎಂದಳು. "ನಂಗೆ ಅದೊಂದು ಗೊತ್ತಾಗ್ಬೇಕು. ಬೇರೆ ಏನೂ ಬೇಡ."

ಥೋರಾ ಕೈಯಲ್ಲಿದ್ದ ಎಲೆಗಳನ್ನು ಮಗುಚಿಟ್ಟಳು. ಗೆಲ್ಲುತ್ತಿದ್ದ ಆಟವನ್ನು ಅವಳು ಹಾಗೆ ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಸಿಗ್ನೆಯ ತಂದೆ ಹಾಲ್ವರ್ ಲೋಫ್ಟ್ ಜನವರಿಯ ಕೊನೆಯಲ್ಲಿ, ಮನೆಗೆ ಇನ್ನೂ ನಲವತ್ತು ಮೈಲಿ ಇರುವಾಗ, ತನ್ನ ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ಕುಳಿತಲ್ಲೇ ಚಳಿಗೆ ಸತ್ತಿದ್ದ. ರಸ್ತೆಯ ಹಿಮ ತಳ್ಳುವ ಗಾಡಿಯವನು ಮರುದಿನ ಬೆಳಿಗ್ಗೆ ಅವನನ್ನು ಕಂಡ. ಡೀಸೆಲ್ ಟ್ಯಾಂಕು ಬರಿದಾಗಿತ್ತು. ಮೊಬೈಲು ಫೋನು ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಆ ರಸ್ತೆಯಲ್ಲಿ ಭಾನುವಾರ ಒಂದು ಗಾಡಿ ಕಂಡರೆ ಹೆಚ್ಚು.

ಹಾಲ್ವರನ ಹೆಂಡತಿ ಮಾರಿಟ್ ಗೋಧಿ ಕೊಯ್ಲಿನ ಹೊತ್ತಿಗೆ ತೀರಿಕೊಂಡಿದ್ದಳು. ಅವಳ ಆಸೆಯಂತೆ ರಾಜ್ಯದ ಆ ತುದಿಯಲ್ಲಿರುವ ತವರಿನ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದ್ದರು. ಹೋಗಿಬರಲು ಐನೂರ ಇಪ್ಪತ್ತು ಮೈಲಿ. ಬದುಕಿದ್ದಾಗ ಮಾರಿಟ್ ಆ ಪಿಕಪ್ಪನ್ನು 'ಕುಡುಕ' ಎಂದೇ ಕರೆಯುತ್ತಿದ್ದಳು. ಬಂಕ್ ಕಂಡಲ್ಲೆಲ್ಲ ನಿಲ್ಲುತ್ತದೆಂದು ಗಂಡನನ್ನು ರೇಗಿಸುತ್ತಿದ್ದಳು. ಅವಳು ಹೋದ ಮೇಲೆ ಹಾಲ್ವರ್ ಊಟ ಬಿಟ್ಟು ಕಿಟಕಿಯ ಪಕ್ಕ ಕುಳಿತುಬಿಟ್ಟ. ಆಮೇಲೊಂದು ದಿನ ಎದ್ದವನೇ, ಈ ಕುಡುಕನನ್ನು ಸರಿಮಾಡಿ ಒಂದೇ ಟ್ಯಾಂಕಿನಲ್ಲಿ ಅವಳ ಹತ್ತಿರ ಹೋಗಿಬರುತ್ತೇನೆ, ಅವಳಿಗೆ ತೋರಿಸುತ್ತೇನೆ ಎಂದು ಹಠ ಹಿಡಿದ.

ಅಲ್ಲಿಂದ ಶುರುವಾಯಿತು. ಟೈರಿಗೆ ಗಾಳಿ ಹೆಚ್ಚಿಸಿದ. ಇಂಜೆಕ್ಟರುಗಳನ್ನು ಬಿಚ್ಚಿ ತೊಳೆಸಿದ. ರೇಡಿಯೇಟರಿನ ಮುಂದೆ ರಟ್ಟು ಕಟ್ಟಿ ಎಂಜಿನ್ನನ್ನು ಬೆಚ್ಚಗಿಟ್ಟ, ಗಾಡಿ ನಿಂತಾಗ ಎಂಜಿನ್ ಹೀಟರಿಗೆ ಕರೆಂಟಿನ ವೈರು ಚುಚ್ಚಿಟ್ಟ, ಐವತ್ತು ಮೈಲಿಯ ವೇಗ ದಾಟದೆ ಓಡಿಸಿದ. ಆಮೇಲೆ ಭಾರ ಇಳಿಸಲು ಹೊರಟ. ಸ್ಟೆಪ್ನಿ, ಜಾಕ್, ಹಿಂದಿನ ಬಂಪರು ಒಂದೊಂದಾಗಿ ಶೆಡ್ಡು ಸೇರಿದವು. ಹಿಂಬದಿಯ ಬಾಗಿಲನ್ನೂ ಕಳಚಿದ. ಅದನ್ನು ಕಳಚಿದರೆ ಗಾಳಿ ಸರಾಗವಾಗಿ ಹಾದುಹೋಗುತ್ತದೆ ಎಂದು ನಮ್ಮ ಕಡೆಯ ಗಂಡಸರೆಲ್ಲ ನಂಬಿದ್ದಾರೆ. ಅದು ಸುಳ್ಳು ಎಂದು ಥೋರಾ ಹೇಳಿ ಹೇಳಿ ಸೋತಿದ್ದಾಳೆ.

ಗಾಡಿಯಲ್ಲಿ ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಕೆಟ್ಟು ಎಷ್ಟೋ ವರ್ಷವಾಗಿತ್ತು. ಆದ್ದರಿಂದ ಬಂಕಿನಲ್ಲಿ ಕಂಠಪೂರ್ತಿ ತುಂಬಿಸುವುದು, ಓಡಿಸುವುದು, ಮತ್ತೆ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡುವುದು, ಇದೇ ಅವನ ಲೆಕ್ಕ. ಗ್ಯಾಲನ್ನಿಗೆ ಹದಿನೈದು ಮೈಲಿ ಕೊಡುತ್ತಿದ್ದ ಗಾಡಿ ಹದಿನೆಂಟು ಕೊಟ್ಟಿತು, ಇಪ್ಪತ್ತು ಕೊಟ್ಟಿತು, ಹೊಸವರ್ಷದ ಹೊತ್ತಿಗೆ ಇಪ್ಪತ್ಮೂರು. ಕಾಫಿ ಅಂಗಡಿಯಲ್ಲಿ ಅವನು ಅದನ್ನು ಹೇಳುವಾಗ ಮುಖ ನೋಡಬೇಕಿತ್ತು. "ಇನ್ನು ಸ್ವಲ್ಪ ದಿನ ಬಿಟ್ರೆ ನೀನೇ ಬಂಕಿಗೆ ಡೀಸೆಲ್ ವಾಪಸ್ ಕೊಡ್ಬೇಕಾಗುತ್ತೆ ಕಣಯ್ಯ" ಎಂದು ನಾನೇ ಅವನನ್ನು ಛೇಡಿಸಿದ್ದೆ.

ಶೆರಿಫನ ಸಹಾಯಕ ಲೈಲ್ ಎರಡು ಮಾತು ಹೇಳಿದ್ದನಂತೆ. ಒಂದು, ಯಾರೋ ಟ್ಯಾಂಕಿನಿಂದ ಡೀಸೆಲ್ ಕದ್ದಿರಬೇಕು. ಹಾಲ್ವರ್ ಶನಿವಾರ ಎಲ್ಲರೆದುರು ಕಂಠಪೂರ್ತಿ ತುಂಬಿಸಿ ಭಾನುವಾರ ಬೆಳಿಗ್ಗೆ ಹೊರಟಿದ್ದ. ಆ ಶನಿವಾರ ಸಂಜೆ ಹಾಲ್ವರನ ಮನೆಯ ಮುಂದಿನ ರಸ್ತೆಯಲ್ಲಿ ಡೆರಿಲ್ ಕ್ಯಾನು ಹಿಡಿದು ನಡೆಯುತ್ತಿದ್ದ. ಡೆರಿಲ್ ಕೂಲಿ ಕೆಲಸದವನು, ಹಿಂದೊಮ್ಮೆ ಟ್ಯಾಂಕಿಗೆ ಪೈಪು ಹಾಕಿ ಕದಿಯುವಾಗ ಸಿಕ್ಕಿಬಿದ್ದಿದ್ದ. ತನ್ನ ಕಾರಿನಲ್ಲಿ ಪೆಟ್ರೋಲ್ ಮುಗಿದಿತ್ತು ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅವನಿದ್ದ ಟ್ರೇಲರ್ ಮನೆಯನ್ನು ಖಾಲಿ ಮಾಡು ಎಂದು ಮಾಲೀಕ ಆಗಲೇ ಹೇಳಿಯಾಗಿತ್ತು.

ಲೈಲನ ಎರಡನೆಯ ಮಾತೇ ಸಿಗ್ನೆಯನ್ನು ಕೊಲ್ಲುತ್ತಿದ್ದದ್ದು. ಕಂಬಳಿ, ಮೇಣದಬತ್ತಿ, ಬೆಂಕಿಪೊಟ್ಟಣ, ಚಾಕೊಲೇಟು, ಒಂದು ಕ್ಯಾನು ಡೀಸೆಲ್ ಇರುವ ಪೆಟ್ಟಿಗೆಯಿಲ್ಲದೆ ಚಳಿಗಾಲದಲ್ಲಿ ನಮ್ಮವರು ಪಕ್ಕದೂರಿಗೂ ಹೋಗುವುದಿಲ್ಲ. ಹಾಲ್ವರನ ಪೆಟ್ಟಿಗೆ ಶೆಡ್ಡಿನ ಬೆಂಚಿನ ಮೇಲೆ ಜೋಪಾನವಾಗಿ ಇಟ್ಟದ್ದು ಇಟ್ಟಂತೆಯೇ ಸಿಕ್ಕಿತ್ತು. ಬದುಕುವ ಮನಸ್ಸಿದ್ದವನು ಅದನ್ನು ಬಿಟ್ಟು ಹೋಗುವುದಿಲ್ಲ ಎಂದು ಲೈಲ್ ಮೆಲ್ಲಗೆ ಹೇಳಿದ್ದ.

"ಮೆಲ್ವಿನ್, ಗಾಡಿ ತೆಗಿ" ಎಂದಳು ಥೋರಾ. ಅವಳು ನನಗೆ ಹೇಳುವುದೆಲ್ಲ ಅಪ್ಪಣೆಯ ಧಾಟಿಯಲ್ಲೇ.

ಹಾಲ್ವರನ ಅಂಗಳಕ್ಕೆ ಪಿಕಪ್ಪನ್ನು ಎಳೆದು ತಂದು ನಿಲ್ಲಿಸಿದ್ದರು. ಥೋರಾ ಮೊದಲು ಶೆಡ್ಡಿಗೆ ಹೋದಳು. ಆ ಪೆಟ್ಟಿಗೆಯ ಪಕ್ಕದಲ್ಲೇ ಸ್ಟೆಪ್ನಿ, ಜಾಕ್, ಬಂಪರು, ಹಿಂಬದಿಯ ಬಾಗಿಲು, ಆಶ್‌ಟ್ರೇ ಕೂಡ ಸಾಲಾಗಿ ಇದ್ದವು. ಆಶ್‌ಟ್ರೇಯನ್ನು ಎತ್ತಿ ಕೈಯಲ್ಲಿ ತೂಗಿ ನೋಡಿ ಅಲ್ಲೇ ಇಟ್ಟಳು. ಹೊರಗೆ, ಗಾಡಿ ನಿಲ್ಲಿಸುವ ಜಾಗದ ಕಂಬದಲ್ಲಿ, ಎಂಜಿನ್ ಹೀಟರಿನ ವೈರು ಸುತ್ತಿ ತೂಗುಹಾಕಿತ್ತು. ಹಿಮದಲ್ಲಿ ಹೂತುಹೋಗದಂತೆ, ಬಂದ ಕೂಡಲೇ ಕೈಗೆ ಸಿಗುವಂತೆ ಅದರ ತುದಿಯನ್ನು ಮೊಳೆಗೆ ಸಿಕ್ಕಿಸಿತ್ತು. ಥೋರಾ ಅದನ್ನು ಮುಟ್ಟಲಿಲ್ಲ.

ಕಂಬದ ಬುಡದ ಹಿಮದಲ್ಲಿ ಒಂದೆಡೆ ನಸುಗೆಂಪು ಕಲೆಯ ಅಂಚು ಕಾಣುತ್ತಿತ್ತು. ಹಳೇ ಗಾಡಿ, ಎಲ್ಲಿಂದಲೋ ಎಣ್ಣೆ ಸೋರುತ್ತದೆ, ಅಪ್ಪನೂ ಅದರ ಅಡಿಗೆ ತೂರಿ ಎಷ್ಟೋ ಸಲ ಹುಡುಕಿದ್ದ ಎಂದಳು ಸಿಗ್ನೆ. ಗಾಡಿ ನಿಲ್ಲಿಸಿದಾಗ ಎಂಜಿನ್ ಇರುತ್ತಿದ್ದದ್ದು ಎಲ್ಲಿ, ಡೀಸೆಲ್ ಟ್ಯಾಂಕಿನ ಮುಚ್ಚಳ ಬರುತ್ತಿದ್ದದ್ದು ಎಲ್ಲಿ ಎಂದು ಥೋರಾ ಕೇಳಿದಳು. ಕಲೆ ಇದ್ದದ್ದು ಮುಚ್ಚಳದ ಕೆಳಗೆ. ಅವಳು ಸಲಿಕೆ ತರಿಸಿ, ಆ ಹಿಮದ ದಿಬ್ಬವನ್ನು ಕೇಕು ಕತ್ತರಿಸಿದ ಹಾಗೆ ಮೇಲಿನಿಂದ ನೆಲದವರೆಗೆ ನೇರವಾಗಿ ಕತ್ತರಿಸಿದಳು.

ನಮ್ಮ ಕಡೆ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲಿನವರೆಗೆ ಕರಗುವುದಿಲ್ಲ, ಒಂದರ ಮೇಲೊಂದು ಕೂರುತ್ತದೆ. ಕತ್ತರಿಸಿದ ಗೋಡೆಯಲ್ಲಿ ಪದರಗಳು ಸ್ಪಷ್ಟವಾಗಿದ್ದವು. ತಳದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಮ, ಅದರ ಮೇಲೆ ಕ್ರಿಸ್ಮಸ್ಸಿನದು, ಹೊಸವರ್ಷದ್ದು, ಎಲ್ಲಕ್ಕಿಂತ ಮೇಲೆ ಜನವರಿ ನಡುವೆ ಶಾಲೆಗಳನ್ನು ಮುಚ್ಚಿಸಿದ ದೊಡ್ಡ ಬಿರುಗಾಳಿಯದು. ಕೆಳಗಿನ ಪದರಗಳಲ್ಲೆಲ್ಲ ನಸುಗೆಂಪು ಹನಿಗಳು ಚೆಲ್ಲಿದ್ದವು. ಮೇಲಿನ ಪದರ ಮಾತ್ರ ಶುದ್ಧ ಬಿಳಿ.

ಅಷ್ಟರಲ್ಲಿ ರಸ್ತೆಯಾಚೆಯ ಮನೆಯಿಂದ ಆರ್ವಿಡ್ ಬಂದ. ಹಾಲ್ವರನಿಗೂ ಅವನಿಗೂ ಬಾಲ್ಯದ ಗೆಳೆತನ. ಹಾಲ್ವರ್ ವಯಸ್ಸಾಯಿತೆಂದು ಟ್ರ್ಯಾಕ್ಟರು ಮಾರಿ ಹೊಲವನ್ನು ಗೇಣಿಗೆ ಕೊಟ್ಟರೂ ಆರ್ವಿಡ್ ಇನ್ನೂ ಉಳುತ್ತಿದ್ದ. ಬಿರುಗಾಳಿಗೆ ಮುಂಚೆ ಅವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ, ಈಗ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಸಿಗ್ನೆ ಕುರ್ಚಿ ತರಲು ಹೋದಾಗ, ತಾನು ಎತ್ತಿಕೊಡಲಾರೆ, ತಿಂಗಳವರೆಗೆ ಭಾರ ಎತ್ತಬಾರದು ಅಂದಿದ್ದಾರೆ ಡಾಕ್ಟರು ಎಂದು ಸಂಕೋಚಪಟ್ಟುಕೊಂಡ. ಕಣ್ಣು ಹೇಗಿದೆ ಎಂದು ನಾನು ಕೇಳಿದೆ.

"ಈಗ ಎಲ್ಲಾ ತುಂಬಾ ಚೆನ್ನಾಗಿ ಕಾಣುತ್ತೆ" ಎಂದ. ಅವನ ದನಿಯಲ್ಲಿ ಸಂತೋಷವಿರಲಿಲ್ಲ. ಕತ್ತರಿಸಿದ ಹಿಮದ ಕಡೆಗೆ ಅವನು ನೋಡಲೂ ಇಲ್ಲ.

ಮರುದಿನ ಥೋರಾ ನನಗೊಂದು ಕೆಲಸ ಹಚ್ಚಿದಳು. ಹಾಲ್ವರನ ಪಿಕಪ್ಪನ್ನು ಕಂಠಪೂರ್ತಿ ತುಂಬಿಸಿ, ಅವನಂತೆಯೇ ಐವತ್ತು ದಾಟದೆ, ಕೌಂಟಿಯ ಗಡಿಯವರೆಗೆ ಹೋಗಿಬಂದು ಮತ್ತೆ ತುಂಬಿಸಬೇಕು. ಸತ್ತವನ ಸೀಟಿನಲ್ಲಿ ಕೂರಲು ನನಗೆ ಮನಸ್ಸೇ ಇರಲಿಲ್ಲ. ಸೀಟಿನ ಪಕ್ಕ ಅವನ ಕೈಗವಸು ಇನ್ನೂ ಬಿದ್ದಿತ್ತು. ದಾರಿಯುದ್ದಕ್ಕೂ ನನಗೆ ಅಳು ಬಂತು. ಯಾರೂ ನೋಡುವವರಿರಲಿಲ್ಲವೆಂದು ಅತ್ತುಬಿಟ್ಟೆ. ವಾಪಸ್ಸು ಬಂದು ಗ್ಯಾಲನ್ನಿಗೆ ಹದಿನಾರು ಎಂದು ಹೇಳಿದಾಗ ಥೋರಾ ಅದನ್ನು ಕಾಗದದ ಮೇಲೆ ಬರೆದು ಎರಡು ಸಲ ಗುಣಿಸಿ ನೋಡಿದಳು. ಅವಳಿಗೆ ಉತ್ತರ ಸಿಕ್ಕಿದೆ, ಅದು ಬೇಡವಾಗಿತ್ತು ಎಂಬುದು ನನಗೆ ಅವಳ ಮುಖದಲ್ಲೇ ಗೊತ್ತಾಯಿತು.

ಆ ಮಧ್ಯಾಹ್ನ ಹಾಲ್ವರನ ಅಡುಗೆಮನೆಯಲ್ಲಿ ಎಲ್ಲರೂ ಸೇರಿದೆವು. ಸಿಗ್ನೆ ಕಾಫಿ ಸುರಿದಳು. ಲೈಲ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತ. ಡೆರಿಲ್ ಕೂರಲೊಪ್ಪದೆ ಬಾಗಿಲಿಗೆ ಒರಗಿ ನಿಂತ. ಆರ್ವಿಡ್ ತಾನು ಯಾವಾಗಲೂ ಕೂರುತ್ತಿದ್ದ, ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ. ಥೋರಾ ದಿಬ್ಬದಿಂದ ಕತ್ತರಿಸಿದ ಹಿಮದ ಗಟ್ಟಿಯೊಂದನ್ನು ಬಿಳಿ ಬೇಸಿನ್ನಿನಲ್ಲಿ ತಂದು ಮೇಜಿನ ನಡುವೆ ಇಟ್ಟಳು.

"ಸಿಗ್ನೆ, ನಿನ್ನ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ತೀನಿ" ಎಂದಳು. "ನಿಮ್ಮಪ್ಪ ಸಾಯಕ್ಕೆ ಹೋಗಿರ್ಲಿಲ್ಲ. ಮನೆಗೆ ಬರ್ತಾ ಇದ್ದ."

ಸಾಯಲು ಹೊರಟವನು ಕಂಬಳಿ ಬಿಟ್ಟುಹೋದಾನು, ಆದರೆ ಆಶ್‌ಟ್ರೇ ಕಳಚಿಡುವುದಿಲ್ಲ ಎಂದು ಅವಳು ವಿವರಿಸಿದಳು. ಪೆಟ್ಟಿಗೆ ಇದ್ದದ್ದು ಸ್ಟೆಪ್ನಿ, ಜಾಕುಗಳ ಸಾಲಿನಲ್ಲಿ. ಅವನು ಬದುಕನ್ನು ಬಿಟ್ಟು ಹೋಗಲಿಲ್ಲ, ಭಾರವನ್ನು ಬಿಟ್ಟು ಹೋದ. ಹೀಟರಿನ ವೈರನ್ನು ಮೊಳೆಗೆ ಸಿಕ್ಕಿಸಿ ಹೋದವನು ಅಂದೇ ಸಂಜೆ ಗಾಡಿಯನ್ನು ಅದೇ ಜಾಗದಲ್ಲಿ ನಿಲ್ಲಿಸುವ ಲೆಕ್ಕದಲ್ಲಿದ್ದ. ಸಿಗ್ನೆ ಕಾಫಿಯ ಪಾತ್ರೆಯನ್ನು ಕೆಳಗಿಟ್ಟು, ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡಳು.

"ಹಾಗಾದ್ರೆ ಕಳ್ಳತನವೇ" ಎಂದ ಲೈಲ್. ಡೆರಿಲ್ ತಲೆ ತಗ್ಗಿಸಿದ.

"ಕಳ್ಳತನವೂ ಅಲ್ಲ. ಟ್ಯಾಂಕು ಮೂವತ್ತು ಗ್ಯಾಲನ್ನಿಂದು. ಮೆಲ್ವಿನ್ ಓಡಿಸಿ ನೋಡಿದ್ದಾನೆ, ಹದಿನಾರು ಕೊಡುತ್ತೆ. ಮೂವತ್ತಕ್ಕೆ ನಾನೂರ ಎಂಬತ್ತು ಮೈಲಿ. ಹೋಗಿಬರೋ ದಾರಿ ಐನೂರ ಇಪ್ಪತ್ತು. ಮನೆಗೆ ಎಷ್ಟು ದೂರ ಇದ್ದಾಗ ಗಾಡಿ ನಿಲ್ತು ಲೈಲ್?"

ಲೈಲ್ ಬೆರಳಿನಲ್ಲೇ ಲೆಕ್ಕ ಹಾಕಿದ. ನಲವತ್ತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ತುಂಬಿದ ಟ್ಯಾಂಕು ಎಲ್ಲಿ ಬರಿದಾಗಬೇಕೋ ಅಲ್ಲೇ ಬರಿದಾಗಿತ್ತು. ಆ ಗಾಡಿಯಿಂದ ಯಾರೂ ಒಂದು ಲೋಟ ಡೀಸೆಲನ್ನೂ ಕದ್ದಿರಲಿಲ್ಲ. ಡೆರಿಲ್ ಗೋಡೆಯ ಕಡೆ ತಿರುಗಿ ತೋಳಿನಿಂದ ಮುಖ ಒರೆಸಿಕೊಂಡ.

ಹಾಗಿದ್ದರೆ ಅಷ್ಟು ಜಾಗರೂಕ ಮನುಷ್ಯ ಆ ದಾರಿಗೆ ಯಾಕೆ ಹೊರಟ, ಎಂದು ಥೋರಾ ತಾನೇ ಕೇಳಿದಳು. ಯಾಕೆಂದರೆ ಗಾಡಿ ಇಪ್ಪತ್ಮೂರು ಕೊಡುತ್ತದೆಂದು ಅವನು ನಂಬಿದ್ದ. ಸುಮ್ಮನೆ ನಂಬಿದ್ದಲ್ಲ, ತುಂಬಿಸಿ ಅಳೆದು ನಂಬಿದ್ದ. ದೊಡ್ಡ ಬಿರುಗಾಳಿಯಾದ ಮೇಲೆ ಆ ಶನಿವಾರದವರೆಗೂ ಗಾಡಿ ಅಂಗಳ ಬಿಟ್ಟು ಕದಲಿರಲಿಲ್ಲ, ಹಾಗಾಗಿ ಮತ್ತೆ ಅಳೆಯುವ ಸಂದರ್ಭವೇ ಬಂದಿರಲಿಲ್ಲ. ಕಳ್ಳನಿದ್ದರೆ ಮೈಲೇಜು ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಹೆಚ್ಚಾಗಬೇಕಾದರೆ ಒಂದೇ ದಾರಿ: ಅವನಿಗೆ ಗೊತ್ತಿಲ್ಲದಂತೆ ಯಾರೋ ಟ್ಯಾಂಕಿಗೆ ಸುರಿಯುತ್ತಿರಬೇಕು.

ಬೇಸಿನ್ನಿನಲ್ಲಿ ಹಿಮ ಕರಗತೊಡಗಿತ್ತು. ನೀರಿನ ಮೇಲೆ ಕೆಂಪು ಎಣ್ಣೆಯ ತೆಳು ಪೊರೆ ತೇಲುತ್ತಿತ್ತು, ಡೀಸೆಲಿನ ವಾಸನೆ ಅಡುಗೆಮನೆಗೆಲ್ಲ ಹರಡಿತು. ಅದು ಏನೆಂದು ಅಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಟ್ರ್ಯಾಕ್ಟರಿಗೆ ಹಾಕುವ ಹೊಲದ ಡೀಸೆಲಿಗೆ ತೆರಿಗೆಯಿಲ್ಲ, ಅದಕ್ಕೇ ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ರಸ್ತೆಯ ಗಾಡಿಗೆ ಅದನ್ನು ಹಾಕಿದರೆ ದಂಡ. ಹಾಲ್ವರ್ ಅಂಥದ್ದಕ್ಕೆ ಕೈ ಹಾಕುವವನಲ್ಲ, ಅಲ್ಲದೆ ಹೊಲ ಗೇಣಿಗೆ ಕೊಟ್ಟ ಮೇಲೆ ಅವನ ಅಂಗಳದಲ್ಲಿ ಕೆಂಪು ಡೀಸೆಲೇ ಇರಲಿಲ್ಲ. ಇದ್ದದ್ದು ಹತ್ತಿರದ, ಇನ್ನೂ ಉಳುವ ರೈತನ ಮನೆಯಲ್ಲಿ.

"ಪ್ರತೀ ಸಲವೂ ಚೆಲ್ಲಿದ್ದಾರೆ" ಎಂದಳು ಥೋರಾ, ದನಿ ತಗ್ಗಿಸಿ. "ಟ್ಯಾಂಕಿನ ಬಾಯಿ ಸರಿಯಾಗಿ ಕಾಣ್ತಿರ್ಲಿಲ್ಲ ಅವರಿಗೆ. ದೊಡ್ಡ ಬಿರುಗಾಳಿ ಆದ ಮೇಲೆ ಒಂದು ಹನೀನೂ ಇಲ್ಲ. ಅಷ್ಟರಲ್ಲಿ ಕಣ್ಣಿನ ಆಪರೇಷನ್ ಆಗಿತ್ತು. ಕ್ಯಾನು ಎತ್ತೋ ಹಾಗಿರ್ಲಿಲ್ಲ."

ಯಾರೂ ಆರ್ವಿಡನ ಕಡೆ ನೋಡಲಿಲ್ಲ. ಅವನೇ ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಮೊದಲ್ನೇ ಸಲ ತಮಾಷೆಗೆ ಹಾಕಿದ್ದು" ಎಂದ. "ಆಮೇಲೆ ಕಾಫಿ ಅಂಗಡೀಲಿ ಎಲ್ರ ಮುಂದೆ ಹೇಳಿ ನಗೋಣ ಅಂತ. ಆವತ್ತು ಹಾಲ್ವರ್ ಬಂದು ಹದಿನೆಂಟು ಕೊಡ್ತು ಕಣೋ ಆರ್ವಿಡ್ ಅಂದ. ಮಾರಿಟ್ ಹೋದ್ಮೇಲೆ ನಕ್ಕಿದ್ದು ಅದೇ ಮೊದ್ಲು. ಎರಡು ತಟ್ಟೆ ತಿಂದ. ನಾನು ಹೇಗೆ ಹೇಳ್ಲಿ?"

ಹೇಳಲಾಗಲಿಲ್ಲ. ಮಧ್ಯಾಹ್ನ ಹಾಲ್ವರ್ ಮಲಗಿದಾಗ ರಸ್ತೆ ದಾಟಿ ಬಂದು ಮತ್ತೆ ಸುರಿದ, ಮತ್ತೆ ಮತ್ತೆ ಸುರಿದ. ವಸಂತ ಬರಲಿ, ಮಾರಿಟ್ ಹತ್ತಿರ ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಗೆಳೆಯನಿಂದ ಮಾತು ತೆಗೆದುಕೊಂಡಿದ್ದ. ದಾರಿಯಲ್ಲಿ ಹೇಳಿಬಿಡುವುದೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ. ಆದರೆ ಆ ಭಾನುವಾರ ಮಾರಿಟಳ ಹುಟ್ಟಿದ ದಿನ ಎಂಬುದು ಅವನಿಗೆ ನೆನಪಿರಲಿಲ್ಲ. ಹಾಲ್ವರನಿಗೆ ನೆನಪಿತ್ತು.

"ಬೆಳಿಗ್ಗೆ ಕಿಟಕೀಲಿ ನಿಂತಿದ್ದೆ" ಎಂದ ಆರ್ವಿಡ್. "ಹೊಸ ಕಣ್ಣು. ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ, ಗಾಡಿ ಮುಂದಿನ ರಟ್ಟಿನ ಮೇಲಿದ್ದ ಅಕ್ಷರಾನೂ ಓದ್ಬಹುದಿತ್ತು. ಚರ್ಚಿಗೆ ಹೊರಟಿದ್ದಾನೆ ಅಂದ್ಕೊಂಡೆ. ಕೈ ಎತ್ತಿದ. ನಾನೂ ಎತ್ತಿದೆ."

ನಮ್ಮ ಕಡೆಯವರು ಇನ್ನೊಬ್ಬರೆದುರು ಅಳುವುದಿಲ್ಲ. ಆರ್ವಿಡನೂ ಅಳಲಿಲ್ಲ, ಮೇಜಿನ ಮೇಲಿದ್ದ ಕನ್ನಡಕವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಡೆರಿಲ್ ಹೆಸರು ಬಂದಾಗ್ಲಾದ್ರೂ ನೀನು ಬಾಯಿ ಬಿಡ್ಬೇಕಿತ್ತು ಆರ್ವಿಡ್" ಎಂದಳು ಥೋರಾ.

"ಹೌದು. ಬಿಡ್ಬೇಕಿತ್ತು." ಆರ್ವಿಡ್ ಎದ್ದು ಡೆರಿಲನ ಮುಂದೆ ನಿಂತು, ತಪ್ಪಾಯಿತು ಎಂದ. ಟ್ರೇಲರಿನ ಮಾಲೀಕನ ಹತ್ತಿರ ತಾನೇ ಹೋಗಿ ಎಲ್ಲವನ್ನೂ ಹೇಳುವುದಾಗಿ ಹೇಳಿದ. ಡೆರಿಲ್ ಕೊನೆಗೂ ಕುರ್ಚಿ ಎಳೆದುಕೊಂಡು ಕುಳಿತ. ಲೈಲ್ ಕೆಂಪು ಡೀಸೆಲಿನ ದಂಡದ ವಿಷಯ ಏನೋ ಗೊಣಗಲು ಹೋದ. ಥೋರಾ ಅವನ ಕಡೆ ಒಂದು ನೋಟ ಬೀರಿದಳು. ಅವನು ಕಾಫಿ ಕುಡಿದ.

ಸಿಗ್ನೆ ಬೇಸಿನ್ನಿನ ನೀರನ್ನೇ ನೋಡುತ್ತಿದ್ದಳು.

"ಆ ದಿನಗಳಲ್ಲಿ ಅಪ್ಪ ಊಟ ಮಾಡ್ತಿದ್ನಾ ಮಾಮ?" ಎಂದು ಆರ್ವಿಡನನ್ನು ಕೇಳಿದಳು. "ನಾನು ಫೋನು ಮಾಡ್ದಾಗೆಲ್ಲ ತಿಂದೆ ಅಂತಿದ್ದ. ನಾನು ನಂಬಿರ್ಲಿಲ್ಲ."

"ತಿಂತಿದ್ದ ಮಗಳೇ. ಹೊಟ್ಟೆ ತುಂಬಾ ತಿಂತಿದ್ದ."

ಅವಳು ತಲೆಯಾಡಿಸಿದಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿ ಹೇಳಿದಳು. "ಇವತ್ತು ನಿಮ್ಮನ್ನ ಕ್ಷಮಿಸಿದೀನಿ ಅಂತ ಹೇಳಕ್ಕೆ ನನ್ನಿಂದ ಆಗಲ್ಲ. ಆದ್ರೆ ಮಣ್ಣು ಸಡಿಲ ಆದ್ಮೇಲೆ ಅಪ್ಪನ್ನ ಅಮ್ಮನ ಹತ್ರ ಕರ್ಕೊಂಡು ಹೋಗ್ಬೇಕು. ಕುಡುಕನ ಮೇಲೇ ಹೋಗ್ಬೇಕು. ನೀವೇ ಓಡಿಸ್ಬೇಕು. ದಾರೀಲಿ ಸಿಗೋ ಬಂಕಲ್ಲೆಲ್ಲ ನಿಲ್ಲಿಸಿ ಕುಡಿಸ್ಬೇಕು."

ನಮ್ಮ ನೆಲ ಚಳಿಗಾಲದಲ್ಲಿ ಗುದ್ದಲಿಗೆ ಬಗ್ಗುವುದಿಲ್ಲ. ಆಗ ಸತ್ತವರು ವಸಂತದವರೆಗೆ ಊರಿನ ಶವಾಗಾರದಲ್ಲಿ ಕಾಯುತ್ತಾರೆ, ಹಾಲ್ವರನೂ ಕಾದ. ಮೇ ತಿಂಗಳಲ್ಲಿ ಆರ್ವಿಡ್ ಮತ್ತು ಡೆರಿಲ್ ಸೇರಿ ಆ ಪಿಕಪ್ಪಿಗೆ ಸ್ಟೆಪ್ನಿ, ಜಾಕ್, ಬಂಪರು, ಹಿಂಬದಿಯ ಬಾಗಿಲು, ಕೊನೆಗೆ ಆಶ್‌ಟ್ರೇಯನ್ನೂ ತಿರುಗಿ ಕೂರಿಸಿದರು. ಕಂಬಳಿಯ ಪೆಟ್ಟಿಗೆಯನ್ನು ಸಿಗ್ನೆ ತಾನೇ ತಂದು ಸೀಟಿನ ಹಿಂದೆ ಇಟ್ಟಳು. ಶವಪೆಟ್ಟಿಗೆಯನ್ನು ಹಿಂದೆ ಇರಿಸಿ ಬಾಗಿಲು ಮುಚ್ಚಿದ ಮೇಲೆ ಆರ್ವಿಡ್ ಸ್ಟಿಯರಿಂಗ್ ಹಿಡಿದ, ಸಿಗ್ನೆ ಅವನ ಪಕ್ಕ ಕುಳಿತಳು. ನಾನೂ ಥೋರಾಳೂ ನನ್ನ ಕಾರಿನಲ್ಲಿ ಹಿಂಬಾಲಿಸಿದೆವು. ಇಡೀ ದಾರಿ ಥೋರಾ ನನ್ನ ಡ್ರೈವಿಂಗನ್ನು ಒಮ್ಮೆಯೂ ಬೈಯಲಿಲ್ಲ.

ಅವರು ಸಿಕ್ಕ ಬಂಕಿನಲ್ಲೆಲ್ಲ ನಿಂತರು. ಟ್ಯಾಂಕು ತುಂಬಿಯೇ ಇರುತ್ತಿತ್ತು, ಒಂದೆರಡು ಗ್ಯಾಲನ್ ಹಿಡಿದರೆ ಹೆಚ್ಚು. ಆದರೂ ಆರ್ವಿಡ್ ಪ್ರತಿ ಸಲ ಇಳಿದು, ಯಾರಿಗೂ ಬಿಡದೆ ತಾನೇ ಡೀಸೆಲ್ ಹಾಕುತ್ತಿದ್ದ. ಕೊನೆಯ ಬಂಕಿನಲ್ಲಿ ನಾನು ಕಾಲು ಸಡಿಲಿಸಲು ಕೆಳಗಿಳಿದು ಅವನ ಹತ್ತಿರ ಹೋದೆ. ಅವನು ಪೈಪಿನ ಕೊನೆಯ ಹನಿ ಬೀಳುವವರೆಗೂ ಕಾದು, ಮೆಲ್ಲಗೆ ಹೊರತೆಗೆದು, ಮುಚ್ಚಳ ತಿರುಗಿಸಿದ. ಒಂದು ಹನಿಯೂ ಚೆಲ್ಲಿರಲಿಲ್ಲ. ಸಿಗ್ನೆ ಒಳಗಿನಿಂದ ಹೆಸರು ಹಿಡಿದು ಕರೆಯುವವರೆಗೂ ಅವನು ಆ ಒಣ ನೆಲವನ್ನೇ ನೋಡುತ್ತ ನಿಂತಿದ್ದ.